ಬರಹಗಾರರಿಗೆ ಸಲಹೆ: ಹರಾಜು ಕೂಗಿದ ಅಯ್ಯನವರನ್ನು ಬರೆಯಿರಿ

ನಮಸ್ಕಾರ.

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರಾಟೆಸ್ಟಂಟ್ ಚರ್ಚು) ಸಭಾಪಾಲಕರಾಗಿ, ಎಂದರೆ ಪಾಸ್ಟರ್ ಆಗಿ, ಇದ್ದ ನಿಮ್ಮ ತಂದೆಯವರ ನೆನಪಿಗೆ ಬರೆದು ಕಳಿಸಿದ ಲೇಖನವನ್ನು ಪೂರ್ತಿ ಓದಿದ್ದೇವೆ. ಮದ್ದೂರು ಕಡೆಯ ಹಳ್ಳಿಯಲ್ಲಿ ಹುಟ್ಟಿ, ಮಂಡ್ಯ, ಮೈಸೂರು ಸೀಮೆಯ ಸಭೆಗಳಲ್ಲಿ (ಚರ್ಚಿನ ಸಮುದಾಯಗಳಲ್ಲಿ) ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸೇವೆ ಮಾಡಿ, ಹೋದ ವರ್ಷ ತೀರಿಕೊಂಡ ಈ ಹಿರಿಯರನ್ನು ಜನ ಎಷ್ಟು ಹಚ್ಚಿಕೊಂಡಿದ್ದರು ಎಂಬುದು ನಿಮ್ಮ ಬರಹದಲ್ಲಿ ಗೊತ್ತಾಗುತ್ತದೆ. ಆದರೆ ಈಗಿರುವ ರೂಪದಲ್ಲಿ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ಹದಿನಾಲ್ಕು ಪುಟದಲ್ಲಿ ಅವರು ಕಣ್ಣಿಗೆ ಕಾಣುವುದು ಮೂರೇ ಕಡೆ. ಉಳಿದ ಕಡೆಯೆಲ್ಲ ಅವರ ಗುಣಗಳ ಪಟ್ಟಿ ಇದೆ.

ಮೊದಲ ಪುಟವನ್ನೇ ನೋಡಿ. ಸೇಂಟ್ ಫಿಲೋಮಿನಾ ಚರ್ಚಿನ ಗೋಪುರಗಳ ವರ್ಣನೆಯಿಂದ ಶುರು ಮಾಡಿದ್ದೀರಿ. ಅದು ಕಥೋಲಿಕರ ದೇವಾಲಯ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಶಂಕುಸ್ಥಾಪನೆ ಮಾಡಿದ ಕಟ್ಟಡ. ನಿಮ್ಮ ತಂದೆ ಅಲ್ಲಿ ಸೇವೆ ಮಾಡಿದವರಲ್ಲ. ಮೈಸೂರು ಅಂದಕೂಡಲೇ ಓದುಗರಿಗೆ ಅದೇ ಚರ್ಚು ಹೊಳೆಯುತ್ತದೆ ಎಂದು ಅದನ್ನು ತಂದಿರಿ ಅನ್ನಿಸುತ್ತದೆ, ಆದರೆ ಅದರಿಂದ ಹೊರಗಿನ ಓದುಗ ಅವರನ್ನು ಮದುವೆಯಾಗದ ಕಥೋಲಿಕ ಫಾದರ್ ಎಂದುಕೊಂಡು, ಮೂರನೆಯ ಪುಟದಲ್ಲಿ ಮಡದಿ ಮಕ್ಕಳು ಬಂದಾಗ ಗಲಿಬಿಲಿಗೊಳ್ಳುತ್ತಾನೆ. ಅವರು ನಿಜವಾಗಿ ನಿಂತು ಬೋಧಿಸಿದ, ಹೆಂಚಿನ ಮಾಡಿನ ಆ ಚಿಕ್ಕ ಚರ್ಚಿನಿಂದಲೇ ಶುರು ಮಾಡಿ.

ಆಮೇಲೆ ಇಸವಿಗಳು. 1943ರಲ್ಲಿ ಹುಟ್ಟಿದ ಅವರಿಗೆ ಅದೇ ವರ್ಷ 'ಸಿಎಸ್‌ಐ ಚರ್ಚಿನಲ್ಲಿ' ದೀಕ್ಷಾಸ್ನಾನವಾಯಿತು ಎಂದಿದ್ದೀರಿ. ಆಂಗ್ಲಿಕನ್, ಮೆಥೊಡಿಸ್ಟ್ ಮತ್ತು ಸೌತ್ ಇಂಡಿಯಾ ಯುನೈಟೆಡ್ ಚರ್ಚಿನ ಸಭೆಗಳು ಒಂದಾಗಿ ಸಿಎಸ್‌ಐ ಆದದ್ದು 1947ರ ಸೆಪ್ಟೆಂಬರ್ 27ರಂದು. ಅದಕ್ಕೆ ಮೊದಲು ನಿಮ್ಮ ಕಡೆಯ ಸಭೆಗಳನ್ನು ನಡೆಸುತ್ತಿದ್ದದ್ದು ಮೆಥೊಡಿಸ್ಟ್ ಮಿಷನ್. ಹಳಬರ ಬಾಯಲ್ಲಿ ವೆಸ್ಲಿಯನ್ ಮಿಷನ್. ಮದ್ದೂರು 'ಆಗಿನ ಮೈಸೂರು ಜಿಲ್ಲೆ'ಯಲ್ಲಿತ್ತು ಎಂಬುದೂ ಸರಿಯಲ್ಲ, ಮಂಡ್ಯ ಜಿಲ್ಲೆ 1939ರಲ್ಲೇ ಬೇರೆಯಾಗಿತ್ತು. 1963ರಲ್ಲಿ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಸೇರಿದರು ಎನ್ನುತ್ತೀರಿ. ಆ ಕಾಲೇಜು ಶುರುವಾದದ್ದು 1965ರಲ್ಲಿ. ಹಾಗಾದರೆ ಅವರು ಮೊದಲು ಸೇರಿದ್ದು ತುಮಕೂರಿನ ಸೆಮಿನರಿಗೋ, ಅಥವಾ ಇಸವಿಯೇ ತಪ್ಪೋ? ಪ್ರಮಾಣಪತ್ರ ಮನೆಯಲ್ಲಿ ಇರಬೇಕು, ಹುಡುಕಿ.

ಇವೆಲ್ಲ ಸಣ್ಣ ತಪ್ಪು ಎಂದುಕೊಳ್ಳಬೇಡಿ. ಸಭೆಯ ಹಿರಿಯರು ಲೇಖನ ಕೈಗೆ ಬಂದ ತಕ್ಷಣ ನೋಡುವುದು ಇಸವಿಗಳನ್ನೇ. ಒಂದು ತಪ್ಪಿದ್ದರೆ ಉಳಿದ ಸತ್ಯವನ್ನೂ ಅನುಮಾನದಿಂದ ಓದುತ್ತಾರೆ.

ಆದ್ದರಿಂದ ಮತ್ತೆ ಬರೆಯಲು ಕೂರುವ ಮುಂಚೆ ಒಂದೇ ಹಾಳೆಯಲ್ಲಿ ಕಾಲಸೂಚಿ ಮಾಡಿಕೊಳ್ಳಿ: ಜನನ, ದೀಕ್ಷಾಸ್ನಾನ, ಓದು, ಡೀಕನ್ (ಸಭಾಪಾಲಕರಾಗುವ ಮುಂಚಿನ ಹಂತ) ಆದದ್ದು, ಪೂರ್ಣ ಸಭಾಪಾಲಕರಾಗಿ ಅಭಿಷೇಕವಾದದ್ದು, ಮದುವೆ, ಮಕ್ಕಳು, ಪ್ರತಿ ವರ್ಗಾವಣೆ, ನಿವೃತ್ತಿ, ಮರಣ. ಡೀಕನ್ ಮತ್ತು ಸಭಾಪಾಲಕ ಅಭಿಷೇಕ ಎರಡು ಬೇರೆ ದಿನ. ನಿಮ್ಮ ಲೇಖನದಲ್ಲಿ ಒಂದೇ ಆಗಿಬಿಟ್ಟಿದೆ. ಸೇವೆಯ ದಾಖಲೆ ಮಂಗಳೂರಿನ ಬಲ್ಮಠದ ಸಭಾಪ್ರಾಂತ (ಡಯಾಸಿಸ್) ಕಚೇರಿಯಲ್ಲಿ ಕೇಳಿದರೆ ಸಿಗಬಹುದು. ಮನೆಯ ಹಳೆಯ ಸತ್ಯವೇದದ (ಬೈಬಲಿನ) ಮೊದಲ ಖಾಲಿ ಹಾಳೆಯನ್ನು ಬಿಡಿಸಿ ನೋಡಿ, ಮಕ್ಕಳ ಜನನ, ದೀಕ್ಷಾಸ್ನಾನದ ದಿನಗಳನ್ನು ಅಲ್ಲಿ ಬರೆದಿಡುವ ರೂಢಿ ಬಹಳ ಮನೆಗಳಲ್ಲಿದೆ.

ಎಲ್ಲಕ್ಕಿಂತ ಹೆಚ್ಚು ಕೊಡುವುದು ಚರ್ಚಿನ ರಿಜಿಸ್ಟರುಗಳು. 'ಸಾವಿರಾರು ಜೋಡಿಗಳಿಗೆ ಮದುವೆ ಮಾಡಿಸಿದರು, ನೂರಾರು ಯುವಕರಿಗೆ ದೃಢೀಕರಣ ಕೊಟ್ಟರು' ಎಂದು ಬರೆದಿದ್ದೀರಿ. ದೃಢೀಕರಣ, ಎಂದರೆ ದೀಕ್ಷಾಸ್ನಾನವಾದವರನ್ನು ಸಭೆಯ ಪೂರ್ಣ ಸದಸ್ಯರಾಗಿ ಸ್ಥಿರಪಡಿಸುವ ವಿಧಿ, ಕೊಡುವವರು ಸಾಮಾನ್ಯವಾಗಿ ಬಿಷಪರು. ಮಕ್ಕಳನ್ನು ವಾರಗಟ್ಟಲೆ ಕೂರಿಸಿ ಪಾಠ ಹೇಳಿ ತಯಾರು ಮಾಡುವುದು ಸಭಾಪಾಲಕರ ಕೆಲಸ. ಆ ಪಾಠದ ಸಂಜೆಗಳನ್ನೇ ಬರೆಯಿರಿ. ಮದುವೆಯ ವಿಷಯಕ್ಕೆ ಬಂದರೆ, 1872ರ ಕ್ರೈಸ್ತ ವಿವಾಹ ಕಾಯಿದೆಯ ಪ್ರಕಾರ ರಿಜಿಸ್ಟರಿನಲ್ಲಿ ಗಂಡು, ಹೆಣ್ಣು, ಇಬ್ಬರು ಸಾಕ್ಷಿಗಳು, ಮದುವೆ ನಡೆಸಿಕೊಟ್ಟವರು ಎಲ್ಲರೂ ಸಹಿ ಮಾಡಿರುತ್ತಾರೆ. ಈಗಿನ ಸಭಾಪಾಲಕರ ಅನುಮತಿ ಪಡೆದು, ನಿಮ್ಮ ತಂದೆಯ ಸಹಿ ಇರುವ ಸಾಲುಗಳನ್ನು ಎಣಿಸಿ. ಒಂದು ಸಭೆಯಲ್ಲಿ ಐದು ವರ್ಷಕ್ಕೆ ನಲವತ್ತು ಬಂದರೆ ನಲವತ್ತು ಎಂದೇ ಬರೆಯಿರಿ. ಸಮಾಧಿ ರಿಜಿಸ್ಟರನ್ನೂ ನೋಡಿ. ಮದುವೆ ಮಾಡಿಸಿದವರನ್ನೇ ಮುಂದೆ ಅವರೇ ಮಣ್ಣು ಮಾಡಿದ ಉದಾಹರಣೆ ಸಿಕ್ಕಿದರೆ, ಒಂದು ಸಭೆಯೊಂದಿಗೆ ಅವರ ನಂಟು ಎಂಥದ್ದು ಎಂದು ಬಿಡಿಸಿ ಹೇಳುವ ಅಗತ್ಯವೇ ಬೀಳುವುದಿಲ್ಲ.

ಇನ್ನು ನಿಮ್ಮ ಲೇಖನದ ಜೀವ ಇರುವ ಜಾಗ. ಒಂಬತ್ತನೆಯ ಪುಟದಲ್ಲಿ ಎರಡೇ ವಾಕ್ಯ: 'ಸುಗ್ಗಿ ಹಬ್ಬದ ಹರಾಜನ್ನು ಅಪ್ಪನೇ ಕೂಗುತ್ತಿದ್ದರು. ಒಬ್ಬ ಅಜ್ಜಿ ತಂದ ಎರಡು ನಾಟಿಕೋಳಿ ಮೊಟ್ಟೆಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂಗಿದರು.' ಇಷ್ಟು ಹೇಳಿ ಮುಂದಿನ ಸಾಲಿಗೇ 'ಹೀಗೆ ಅವರು ದೀನಬಂಧುವಾಗಿದ್ದರು' ಎಂದು ಮುಗಿಸಿಬಿಟ್ಟಿರಿ. ದಯವಿಟ್ಟು ಆ ಕೊನೆಯ ಸಾಲನ್ನು ಹೊಡೆದುಹಾಕಿ, ಮೊದಲ ಎರಡನ್ನು ಒಂದೂವರೆ ಪುಟ ಮಾಡಿ. ನಮ್ಮ ಓದುಗರಲ್ಲಿ ಚರ್ಚಿನೊಳಗೆ ಕಾಲಿಡದವರೇ ಹೆಚ್ಚು. ಬೆಳೆದದ್ದರಲ್ಲಿ ಒಂದು ಪಾಲನ್ನು ಸಭೆಯವರು ತಂದು ಆಲ್ಟರಿನ ಮುಂದೆ ಇಡುವುದು, ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜಾಗುವುದು, ಕೊಂಡವರು ಎಷ್ಟೋ ಸಲ ಅದನ್ನೇ ವಾಪಸು ಕೊಟ್ಟು ಮತ್ತೆ ಕೂಗಿಸುವುದು, ಹಣ ಸಭೆಯ ನಿಧಿಗೆ ಹೋಗುವುದು, ಇಷ್ಟನ್ನು ನಾಲ್ಕು ಸಾಲಿನಲ್ಲಿ ತಿಳಿಸಿ. ಮಿಕ್ಕದ್ದು ಆ ದಿನದ್ದೇ ಇರಲಿ. ಅಂಗಳದಲ್ಲಿ ಏನೇನು ಗುಡ್ಡೆ ಬಿದ್ದಿತ್ತು: ಬೆಲ್ಲದ ಅಚ್ಚು, ಕಬ್ಬಿನ ಜಲ್ಲೆ, ರಾಗಿ, ಸೀಗುಂಬಳ? ಮೊಟ್ಟೆಯನ್ನು ಅಜ್ಜಿ ಯಾವುದರಲ್ಲಿ ಇಟ್ಟು ತಂದಿದ್ದರು? ಕೂಗು ಎಷ್ಟರಿಂದ ಶುರುವಾಗಿ ಎಲ್ಲಿಗೆ ನಿಂತಿತು, ಕೊನೆಗೆ ಯಾರ ಪಾಲಾಯಿತು? ಅಜ್ಜಿ ಆಗ ಎಲ್ಲಿ ನಿಂತಿದ್ದರು? ನಿಮಗೆ ನೆನಪಿಲ್ಲದ್ದನ್ನು ಕಟ್ಟಬೇಡಿ, ಆ ಸಭೆಯಲ್ಲಿ ಆಗ ಇದ್ದವರನ್ನು ಕೇಳಿ.

ಕೇಳುವಾಗ 'ಅಯ್ಯನವರು ಹೇಗಿದ್ದರು?' ಎನ್ನಬೇಡಿ. 'ದೇವರಂಥ ಮನುಷ್ಯ' ಎಂಬ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. 'ನಿಮ್ಮ ಮನೆಗೆ ಬಂದಾಗ ಎಲ್ಲಿ ಕೂರುತ್ತಿದ್ದರು? ಏನು ಕುಡಿಯುತ್ತಿದ್ದರು? ನಿಮ್ಮವರು ಆಸ್ಪತ್ರೆಯಲ್ಲಿದ್ದಾಗ ಎಷ್ಟು ಹೊತ್ತಿಗೆ ಬಂದರು?' ಎಂದು ಕೇಳಿ. ಸಭೆಯ ದೊಡ್ಡವರ ಜೊತೆಗೆ ಗಂಟೆ ಬಾರಿಸುತ್ತಿದ್ದವರು, ಸಮಾಧಿಯ ಗುಂಡಿ ತೋಡುತ್ತಿದ್ದವರು, ಪಕ್ಕದ ಬೀದಿಯ ಅಂಗಡಿಯವರು, ಇವರನ್ನೂ ಮಾತಾಡಿಸಿ. ಮಿಷನ್ ಆಸ್ಪತ್ರೆಯ ವಾರ್ಡುಗಳಿಗೆ ತಪ್ಪದೆ ಹೋಗುತ್ತಿದ್ದರು ಎಂದು ಒಂದು ಸಾಲಿದೆ. ಅಲ್ಲಿ ಕೆಲಸದಲ್ಲಿದ್ದ ಹಳಬರು ಯಾರಾದರೂ ಸಿಕ್ಕರೆ ಆ ಸಾಲು ಒಂದು ಪ್ಯಾರಾ ಆಗುತ್ತದೆ.

ಅವರ ಬಾಯಿಂದ ಆಡಿಸಿರುವ ಮಾತು ಅವರದ್ದಲ್ಲ. 'ಮಗಳೇ, ನಿನ್ನ ಹೃದಯವು ಸದಾ ಸತ್ಯದ ಪಥದಲ್ಲಿರಲಿ' ಎಂದು ಮದ್ದೂರಿನ ತಂದೆ ಮಗಳಿಗೆ ಹೇಳುತ್ತಾರೆಯೇ? ಐದನೆಯ ಪುಟದಲ್ಲಿ ನೀವೇ ಬರೆದ 'ಏನವ್ವ, ಉಂಡ್ಯಾ?' ಎಂಬುದು ಅವರ ದನಿ. ಬೋಧನೆಯಲ್ಲಿ ಗ್ರಾಂಥಿಕ, ಜಗಲಿಯಲ್ಲಿ ಮಂಡ್ಯದ ಮಾತು, ಎರಡೂ ಅವರಲ್ಲಿತ್ತು ಎನ್ನುತ್ತೀರಲ್ಲ. ಹಾಗಾದರೆ ಎರಡನ್ನೂ ಕೇಳಿಸಿ. ಬೋಧನೆಗೆ ಮಾಡಿಕೊಂಡ ಟಿಪ್ಪಣಿ ಉಳಿದಿದ್ದರೆ ಒಂದನ್ನು ತೆಗೆದು, ಅದರ ನಾಲ್ಕು ಸಾಲನ್ನು ಇದ್ದ ಹಾಗೇ ಕೊಡಿ. ಬೈಬಲ್ ವಾಕ್ಯದ ಆಯ್ಕೆಯೂ ಹಾಗೆಯೇ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ 4:7 ಬಹಳ ಜನರ ಸ್ಮರಣೆಯ ಕಾರ್ಡಿನಲ್ಲಿರುತ್ತದೆ. ಅವರ ಸ್ವಂತ ಸತ್ಯವೇದದಲ್ಲಿ ಅವರೇ ಗೆರೆ ಎಳೆದ ವಾಕ್ಯ ಯಾವುದು? ಅದೊಂದನ್ನೇ ಹಾಕಿ, ಅಧ್ಯಾಯ ಮತ್ತು ವಚನದ ಸಂಖ್ಯೆ ಸರಿ ನೋಡಿ.

ಮನೆಯ ವಿಷಯ ನಿಮಗೆ ಕಷ್ಟವಾಗಿದೆ, ಅದು ನಮಗೆ ಅರ್ಥವಾಗುತ್ತದೆ. ಸ್ವಂತ ಮನೆಯನ್ನು ಚೆನ್ನಾಗಿ ನಡೆಸದವನು ಸಭೆಯನ್ನು ಹೇಗೆ ನೋಡಿಕೊಂಡಾನು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಮೂರನೆಯ ಅಧ್ಯಾಯ ಕೇಳುತ್ತದೆ. ಅದನ್ನು ಉದ್ಧರಿಸಿ, 'ಅಪ್ಪ ಅದಕ್ಕೆ ನಿದರ್ಶನ' ಎಂದು ಮುಂದೆ ಹೋಗಿದ್ದೀರಿ. ಆದರೆ ನಿಮ್ಮ ಎಸ್ಸೆಸ್ಸೆಲ್ಸಿ ವರ್ಷದಲ್ಲೇ ವರ್ಗಾವಣೆಯಾಯಿತು ಎಂಬುದು ಅರ್ಧ ವಾಕ್ಯದಲ್ಲಿ ಅಡಗಿದೆ. ನೀವು ಎಲ್ಲಿ ಉಳಿದಿರಿ? ಅವರು ಆ ವರ್ಷ ಹೇಗೆ ಬಂದು ಹೋಗುತ್ತಿದ್ದರು? ಕ್ರಿಸ್‌ಮಸ್ ದಿನ ಎಲ್ಲರ ಮನೆ ಮುಗಿಸಿ ಬರುವಷ್ಟರಲ್ಲಿ ನಿಮ್ಮ ಮನೆಯ ಊಟ ಎಷ್ಟು ಹೊತ್ತಾಗುತ್ತಿತ್ತು? ನಿವೃತ್ತಿಯ ದಿನ ಸಭಾಪಾಲಕರ ಮನೆ ಬಿಟ್ಟುಕೊಡಬೇಕಾಗುತ್ತದೆ. ಸಾಮಾನು ಎಲ್ಲಿಗೆ ಹೋಯಿತು? ಬೇಸರ, ಸಿಟ್ಟು ಇದ್ದಿದ್ದರೆ ಅದನ್ನೂ ಬರೆಯಿರಿ. ಅದರಿಂದ ಅವರ ಮೇಲಿನ ಗೌರವ ಒಂದಿಷ್ಟೂ ಕಡಿಮೆಯಾಗದು.

ನಿಮ್ಮ ತಾಯಿಯವರಿಗೆ ಸಿಕ್ಕಿರುವುದು 'ಆದರ್ಶ ಗೃಹಿಣಿ' ಎಂಬ ಎರಡು ಪದ. ಸ್ತ್ರೀ ಸಂಘ, ಸಂಡೇ ಸ್ಕೂಲು ನಡೆಸಿ, ಹೊತ್ತಲ್ಲದ ಹೊತ್ತಲ್ಲಿ ಬಂದವರಿಗೆ ಅನ್ನ ಬಡಿಸಿದವರು ಅವರು. ಎಲ್ಲಕ್ಕೂ ಮೊದಲು ಅವರ ಹತ್ತಿರ ಕೂತು ಮಾತಾಡಿ. ವಯಸ್ಸಾದವರು, ಬೆಳಗಿನ ಹೊತ್ತು ಒಳ್ಳೆಯದು, ಅರ್ಧ ಗಂಟೆ ಸಾಕು. ಫ್ಯಾನ್ ಆರಿಸಿ, ಫೋನನ್ನು ಮಡಿಚಿದ ಟವೆಲಿನ ಮೇಲಿಟ್ಟು ರೆಕಾರ್ಡ್ ಮಾಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದಿಗೆ ಮಾತು ಮುಚ್ಚಿಹೋಗುತ್ತದೆ. ಹಳೆಯ ಫೋಟೊ ಒಂದೊಂದಾಗಿ ಕೈಗೆ ಕೊಡಿ, ಪ್ರಶ್ನೆಗಿಂತ ಅದಕ್ಕೇ ಮಾತು ಬೇಗ ಬರುತ್ತದೆ.

'ಕೆಲವು ಕಾಣದ ಕೈಗಳ ಕುತಂತ್ರದಿಂದ ಅವಧಿಗೆ ಮುನ್ನ ವರ್ಗವಾಯಿತು' ಎಂಬ ಸಾಲನ್ನು ಹೀಗೆ ಬಿಡಲಾಗದು. ಆ ಸಭೆಯಲ್ಲಿ ಈಗಲೂ ಇರುವ ಹತ್ತು ಜನ ತಮ್ಮನ್ನೇ ಅಂದದ್ದು ಎಂದುಕೊಳ್ಳುತ್ತಾರೆ. ನಡೆದದ್ದನ್ನು ಪತ್ರ, ದಿನಾಂಕದ ಸಮೇತ ಹೇಳುವಂತಿದ್ದರೆ ಹೇಳಿ, ಇಲ್ಲವಾದರೆ ಇಡೀ ಪ್ರಸಂಗ ಕೈಬಿಡಿ. ಕೊನೆಯ ಮೂರು ಪುಟದ ಐಸಿಯು ವಿವರವನ್ನು ಒಂದು ಪ್ಯಾರಾಕ್ಕೆ ಇಳಿಸಿ. ಎಂಬತ್ತು ವರ್ಷ ದಾಟಿ ಬದುಕಿದವರ ಲೇಖನದಲ್ಲಿ ಹನ್ನೊಂದು ದಿನದ ಕಾಯಿಲೆಗೆ ಅಷ್ಟು ಜಾಗ ಬೇಡ.

ಒಟ್ಟು 1,200 ಪದ ಮೀರದಿರಲಿ. ನಿಲುವಂಗಿ ತೊಟ್ಟ ಸ್ಟುಡಿಯೋ ಫೋಟೊದ ಜೊತೆಗೆ ಮನೆಯದೊಂದು, ಸಾಧ್ಯವಾದರೆ ಹರಾಜಿನದೊಂದು ಕಳಿಸಿ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಆಗಿ ಹಾಕಿ. ಫೋಟೊ ಆಗಿ ಹಾಕಿದರೆ ಕುಗ್ಗಿ ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಎಡದಿಂದ ಬಲಕ್ಕೆ ಯಾರು ಯಾರೆಂದು ಬರೆಯಿರಿ, ಬದುಕಿರುವವರ ಒಪ್ಪಿಗೆ ಕೇಳಿ. ಕಾಲಸೂಚಿಯ ಹಾಳೆಯನ್ನೂ ಜೊತೆಗಿಡಿ. ಅದನ್ನು ಅಚ್ಚು ಹಾಕುವುದಿಲ್ಲ, ನಾವು ಇಸವಿ ತಾಳೆ ನೋಡಲು ಬೇಕು.