ಆ ಕಿತ್ತಳೆ ಚೌಕ ಎಲ್ಲಿ ಹೋಯಿತು?

ಆರ್‌ಎಸ್‌ಎಸ್ ಫೀಡ್ ಮತ್ತು ಆನ್‌ಲೈನ್ ರೀಡರ್‌ಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಜಾಲದಲ್ಲಿ ಹೆಚ್ಚಿನ ಮಾಹಿತಿ ಹುಡುಕುವವರು ‘ಆರ್‌ಎಸ್‌ಎಸ್ ಫೀಡ್’ ಎಂದು ಪೂರ್ತಿ ಬರೆಯಿರಿ. ಬರೀ ಮೂರಕ್ಷರ ಕೊಟ್ಟರೆ ಬರುವುದೆಲ್ಲ ಸಂಘದ ಸುದ್ದಿ.

ಪ್ರಶ್ನೆ: ಇಪ್ಪತ್ತು ಕನ್ನಡ ಬ್ಲಾಗುಗಳನ್ನು ಬುಕ್‌ಮಾರ್ಕ್ ಮಾಡಿಟ್ಟುಕೊಂಡಿದ್ದೇನೆ. ಹೊಸ ಬರಹ ಬಂದಿದೆಯೇ ಎಂದು ದಿನವೂ ಒಂದೊಂದನ್ನೇ ತೆರೆದು ನೋಡುವುದು ಸಾಕಾಗಿದೆ. ಬರೆದವರು ಫೇಸ್‌ಬುಕ್‌ನಲ್ಲಿ ಲಿಂಕ್ ಹಾಕಿದರೂ ನನಗೆ ಕಾಣುವುದಿಲ್ಲ. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ಶಿರಸಿ

ಉತ್ತರ: ಫೀಡ್ ಹುಟ್ಟಿದ್ದೇ ಇದಕ್ಕಾಗಿ. ಬಹುತೇಕ ಬ್ಲಾಗುಗಳು, ಎಷ್ಟೋ ಸಲ ಬರೆಯುವವರಿಗೇ ಗೊತ್ತಿಲ್ಲದಂತೆ, ತಮ್ಮ ಇತ್ತೀಚಿನ ಬರಹಗಳ ಪಟ್ಟಿಯೊಂದನ್ನು ಪ್ರತ್ಯೇಕ ವಿಳಾಸದಲ್ಲಿ ಇಟ್ಟಿರುತ್ತವೆ. ಅದರಲ್ಲಿ ಶೀರ್ಷಿಕೆ, ಕೊಂಡಿ, ದಿನಾಂಕ, ಪಠ್ಯ ಇಷ್ಟೇ ಇರುತ್ತದೆ, ಬಣ್ಣವಿಲ್ಲ, ವಿನ್ಯಾಸವಿಲ್ಲ. ರೀಡರ್ ಎಂಬ ತಂತ್ರಾಂಶ ಆಗಾಗ ಆ ವಿಳಾಸಕ್ಕೆ ಹೋಗಿ, ಹಿಂದಿನ ಸಲ ಇಲ್ಲದ್ದು ಈಗ ಇದೆಯೇ ಎಂದು ನೋಡಿ, ಇದ್ದರೆ ನಿಮ್ಮ ಮುಂದೆ ತಂದಿಡುತ್ತದೆ. ಬರೆದವರಿಗೆ ನಿಮ್ಮ ಇ-ಮೇಲ್ ಕೊಡಬೇಕಿಲ್ಲ. ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ನಡುವೆ ಕೂತು ತೀರ್ಮಾನಿಸುವವರೂ ಇಲ್ಲ.

ಫೀಡ್ಲಿ, ಇನೋರೀಡರ್, ನ್ಯೂಸ್‌ಬ್ಲರ್ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಿ. ಉಚಿತ ಖಾತೆಗೆ ಕ್ರಮವಾಗಿ 100, 150, 64 ಫೀಡ್‌ಗಳ ಮಿತಿಯಿದೆ. ಕಂಪನಿಗಳು ಇದನ್ನು ಆಗಾಗ ಬದಲಿಸುವುದುಂಟು, ಆದರೂ ನಿಮ್ಮ ಇಪ್ಪತ್ತಕ್ಕೆ ಯಾವುದಾದರೂ ಸಾಕು. ಖಾತೆ ತೆರೆದ ಮೇಲೆ ಕೂಡಿಸುವ ಚಿಹ್ನೆ (+) ಒತ್ತಿ, ಬರುವ ಪೆಟ್ಟಿಗೆಯಲ್ಲಿ ಬ್ಲಾಗಿನ ವಿಳಾಸ ಅಂಟಿಸಿ. ಫೀಡ್ ಎಲ್ಲಿದೆ ಎಂಬ ಸೂಚನೆ ಪುಟದ ಒಳಗಿನ ಕೋಡ್‌ನಲ್ಲೇ ಇರುವುದರಿಂದ ರೀಡರ್ ಅದನ್ನು ತಾನೇ ಹುಡುಕಿಕೊಳ್ಳುತ್ತದೆ. ‘ಫಾಲೋ’ ಒತ್ತಿ, ಒಂದು ಫೋಲ್ಡರ್‌ಗೆ ಹಾಕಿದರೆ ಮುಗಿಯಿತು.

ಹೊಸಬರು ಎಡವುವುದು ಇಲ್ಲೇ. ಬ್ಲಾಗಿನ ಮುಖಪುಟದ ವಿಳಾಸ ಕೊಡುವ ಬದಲು ಯಾವುದೋ ಒಂದು ಬರಹದ ವಿಳಾಸ ಅಂಟಿಸಿಬಿಡುತ್ತಾರೆ. ಬ್ಲಾಗ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಬರಹಕ್ಕೂ ಅದರದೇ ಪ್ರತಿಕ್ರಿಯೆಗಳ ಫೀಡ್ ಇರುತ್ತದೆ. ರೀಡರ್ ಅದನ್ನು ಹಿಡಿದುಕೊಂಡರೆ ಹೊಸ ಬರಹ ಬರುವುದೇ ಇಲ್ಲ, ಹಳೆಯ ಲೇಖನಕ್ಕೆ ಬಂದ ‘ಚೆನ್ನಾಗಿದೆ ಸರ್’ಗಳಷ್ಟೇ ಬರುತ್ತವೆ. ಮುಖಪುಟವನ್ನೇ ಕೊಡಿ. ಆಗಲೂ ಎರಡು ಫಲಿತಾಂಶ ಕಂಡರೆ ‘ಕಾಮೆಂಟ್ಸ್’ ಎಂದು ಬರೆದಿರುವುದನ್ನು ಬಿಟ್ಟು ಇನ್ನೊಂದನ್ನು ಆರಿಸಿ.

ಪ್ರಶ್ನೆ: ಹಿಂದೆ ಬ್ರೌಸರ್‌ನ ವಿಳಾಸದ ಸಾಲಿನಲ್ಲೇ ಒಂದು ಕಿತ್ತಳೆ ಬಣ್ಣದ ಚೌಕ ಇರುತ್ತಿತ್ತು. ಈಗ ಫೀಡ್ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಕೆಲವು ತಾಣಗಳ ವಿಳಾಸ ಕೊಟ್ಟರೆ ರೀಡರ್ ‘ಏನೂ ಸಿಗಲಿಲ್ಲ’ ಎನ್ನುತ್ತದೆ.
— ಗ್ರಂಥಪಾಲಕಿ, ಧಾರವಾಡ

ಉತ್ತರ: ಫೈರ್‌ಫಾಕ್ಸ್ ಆ ಚಿಹ್ನೆಯನ್ನು 2011ರಲ್ಲಿ ವಿಳಾಸದ ಸಾಲಿನಿಂದ ತೆಗೆಯಿತು, 2018ರ ಡಿಸೆಂಬರ್‌ನಲ್ಲಿ ಬಂದ 64ನೇ ಆವೃತ್ತಿಯಲ್ಲಿ ಫೀಡ್ ತೋರಿಸುವ ಸೌಲಭ್ಯವನ್ನೇ ಕೈಬಿಟ್ಟಿತು. ಚೌಕ ಹೋಯಿತು, ಫೀಡ್‌ಗಳು ಇದ್ದಲ್ಲೇ ಇವೆ. ವಿಳಾಸ ಕಟ್ಟುವ ಸೂತ್ರ ಗೊತ್ತಿದ್ದರೆ ಯಾವ ಚಿಹ್ನೆಯೂ ಬೇಡ. ಮುಂದೆ ಬರುವ ಪದಗಳನ್ನೆಲ್ಲ ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಬೇಕು.

ವರ್ಡ್‌ಪ್ರೆಸ್ ತಾಣವಾದರೆ ಮುಖಪುಟದ ವಿಳಾಸದ ಕೊನೆಗೆ ಓರೆಗೆರೆ ಹಾಕಿ ‘ಫೀಡ್’. ಒಂದೇ ವಿಭಾಗ ಸಾಕೆಂದರೆ, ಆ ವಿಭಾಗದ ಪುಟ ತೆರೆದು ಅದರ ವಿಳಾಸಕ್ಕೇ ಇದನ್ನು ಸೇರಿಸಿ. ಪುಸ್ತಕ ವಿಮರ್ಶೆ ಮಾತ್ರ ಬೇಕು, ಉಳಿದದ್ದು ಬೇಡ ಎನ್ನುವ ಗ್ರಂಥಾಲಯಕ್ಕೆ ಇದು ಬಹಳ ಅನುಕೂಲ.

ಬ್ಲಾಗರ್ ತಾಣವಾದರೆ ಮೂರು ಪದ: ‘ಫೀಡ್ಸ್’, ‘ಪೋಸ್ಟ್ಸ್’, ‘ಡಿಫಾಲ್ಟ್’, ಪ್ರತಿಯೊಂದರ ಹಿಂದೆ ಓರೆಗೆರೆ. ಇಲ್ಲಿ ಮೊದಲೆರಡು ಪದಗಳ ಕೊನೆಗೆ ‘ಎಸ್’ ಇದೆ, ವರ್ಡ್‌ಪ್ರೆಸ್‌ನ ‘ಫೀಡ್’ಗೆ ಇಲ್ಲ. ಈ ಒಂದಕ್ಷರ ಅದಲು ಬದಲಾದರೆ ‘ಪುಟ ಸಿಗಲಿಲ್ಲ’ ಎಂದು ಬರುತ್ತದೆ. ಒಂದು ಲೇಬಲ್‌ನ ಬರಹಗಳಷ್ಟೇ ಬೇಕಾದರೆ ಇದರ ಮುಂದೆ ಓರೆಗೆರೆ, ಅಡ್ಡಗೆರೆ, ಮತ್ತೆ ಓರೆಗೆರೆ ಹಾಕಿ ಲೇಬಲ್ ಬರೆಯಿರಿ. ಲೇಬಲ್ ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಬರೆಯಬಹುದು.

ದ್ರುಪಲ್‌ನಲ್ಲಿ ಕಟ್ಟಿದ ತಾಣಗಳಲ್ಲಿ ಸಾಮಾನ್ಯವಾಗಿ ‘ಆರ್‌ಎಸ್‌ಎಸ್ ಡಾಟ್ ಎಕ್ಸ್‌ಎಮ್‌ಎಲ್’. ಸಬ್‌ಸ್ಟ್ಯಾಕ್‌ನಲ್ಲಿ ವರ್ಡ್‌ಪ್ರೆಸ್‌ನಂತೆಯೇ ‘ಫೀಡ್’.

ಯೂಟ್ಯೂಬ್‌ಗೂ ಫೀಡ್ ಇದೆ ಎಂಬುದು ಹಲವರಿಗೆ ಗೊತ್ತಿಲ್ಲ. ಚಾನೆಲ್‌ನ ವಿಳಾಸವನ್ನೇ ಅಂಟಿಸಿದರೆ ದೊಡ್ಡ ರೀಡರ್‌ಗಳು ಅರ್ಥಮಾಡಿಕೊಳ್ಳುತ್ತವೆ. ಆಗದಿದ್ದರೆ ಕಂಪ್ಯೂಟರ್‌ನಲ್ಲಿ ಚಾನೆಲ್ ವಿವರಣೆ ತೆರೆದು, ‘ಶೇರ್ ಚಾನೆಲ್’ ಒತ್ತಿ ‘ಕಾಪಿ ಚಾನೆಲ್ ಐಡಿ’ ಆರಿಸಿ. ‘ಯುಸಿ’ ಎಂಬ ದೊಡ್ಡಕ್ಷರಗಳಿಂದ ಶುರುವಾಗುವ 24 ಅಕ್ಷರಗಳ ಗುರುತು ಸಿಗುತ್ತದೆ. ಯೂಟ್ಯೂಬ್ ವಿಳಾಸದ ಮುಂದೆ ಓರೆಗೆರೆ, ‘ಫೀಡ್ಸ್’, ಓರೆಗೆರೆ, ‘ವಿಡಿಯೋಸ್ ಡಾಟ್ ಎಕ್ಸ್‌ಎಮ್‌ಎಲ್’, ಪ್ರಶ್ನಾರ್ಥಕ ಚಿಹ್ನೆ, ‘ಚಾನೆಲ್’ ಮತ್ತು ‘ಐಡಿ’ ನಡುವೆ ಕೆಳಗೆರೆ, ಸಮ ಚಿಹ್ನೆ, ಆಮೇಲೆ ಆ ಗುರುತು. ಈ ಫೀಡ್‌ನಲ್ಲಿ ಕೊನೆಯ 15 ವಿಡಿಯೋಗಳಷ್ಟೇ ಇರುತ್ತವೆ.

ಕನ್ನಡ ವಿಕಿಪೀಡಿಯದ ಒಂದು ಲೇಖನದ ಮೇಲೆ ಕಣ್ಣಿಡಬೇಕಿದ್ದರೆ ಅದರ ಇತಿಹಾಸದ ಪುಟ ತೆರೆಯಿರಿ. ಉಪಕರಣಗಳ ಪಟ್ಟಿಯಲ್ಲಿ ‘ಆಟಮ್’ (ಆರ್‌ಎಸ್‌ಎಸ್‌ನಂಥದೇ ಇನ್ನೊಂದು ಫೀಡ್ ಮಾದರಿ) ಎಂಬ ಕೊಂಡಿ ಇರುತ್ತದೆ. ಯಾರು ತಿದ್ದಿದರೂ ರೀಡರ್‌ಗೆ ಬಂದು ಬೀಳುತ್ತದೆ.

ಇದಾವುದೂ ಹೊಂದದಿದ್ದರೆ ಕಂಪ್ಯೂಟರ್‌ನಲ್ಲಿ ಮುಖಪುಟ ತೆರೆದು ಕಂಟ್ರೋಲ್ ಮತ್ತು ‘ಯು’ ಒಟ್ಟಿಗೆ ಒತ್ತಿ, ಬರುವ ಕೋಡ್‌ನಲ್ಲಿ ‘ಆರ್‌ಎಸ್‌ಎಸ್’ ಅಥವಾ ‘ಆಟಮ್’ ಹುಡುಕಿ. ಪಕ್ಕದಲ್ಲೇ ವಿಳಾಸ ಇರುತ್ತದೆ. ಅಲ್ಲೂ ಇಲ್ಲದಿದ್ದರೆ ಆ ತಾಣಕ್ಕೆ ಫೀಡ್ ಇಲ್ಲವೆಂದೇ ಬಹುತೇಕ ಖಚಿತ.

ಪ್ರಶ್ನೆ: ಆರ್‌ಎಸ್‌ಎಸ್, ಆಟಮ್ ಎರಡೂ ಇದ್ದರೆ ಯಾವುದನ್ನು ಆರಿಸಲಿ?
— ಬಿ.ಸಿ.ಎ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಯಾವುದಾದರೂ ಸರಿ. ಆರ್‌ಎಸ್‌ಎಸ್ 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ್ದು, ಈಗ ಬಳಕೆಯಲ್ಲಿರುವ 2.0 ಆವೃತ್ತಿ 2002ರದ್ದು. ಅದರ ತೊಡಕುಗಳನ್ನು ಸರಿಪಡಿಸಲೆಂದು 2005ರಲ್ಲಿ ಆಟಮ್ ಬಂತು. ಓದುವವರಿಗೆ ವ್ಯತ್ಯಾಸವೇ ತಿಳಿಯದು. ಎರಡನ್ನೂ ಸೇರಿಸಿದರೆ ಮಾತ್ರ ಪ್ರತಿ ಬರಹವೂ ಎರಡೆರಡು ಸಲ ಬರುತ್ತದೆ.

ಪ್ರಶ್ನೆ: ಒಂದು ಹಳೆಯ ಕನ್ನಡ ತಾಣದ ಫೀಡ್ ಸೇರಿಸಿದೆ. ತಾಣದಲ್ಲಿ ಚೆನ್ನಾಗಿ ಕಾಣುವ ಕನ್ನಡ, ರೀಡರ್‌ನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೋನಿನ ದೋಷವೇ?
— ಬ್ಯಾಂಕ್ ಉದ್ಯೋಗಿ, ಮಂಗಳೂರು

ಉತ್ತರ: ಫೋನಿನದ್ದೂ ಅಲ್ಲ, ರೀಡರ್‌ದ್ದೂ ಅಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಮೂಡುತ್ತಿದ್ದದ್ದು ಒಂದು ಉಪಾಯದಿಂದ. ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ಹೊದಿಸುತ್ತಿತ್ತು. ತಾಣ ತನ್ನ ಫಾಂಟನ್ನು ಜೊತೆಗೇ ಕಳಿಸುವುದರಿಂದ ಅಲ್ಲಿ ಸರಿ ಕಾಣುತ್ತದೆ. ಫೀಡ್‌ನಲ್ಲಿ ಹೋಗುವುದು ಪಠ್ಯ ಮಾತ್ರ, ಫಾಂಟ್ ಹೋಗುವುದಿಲ್ಲ. ಹೊದಿಕೆ ಕಳಚಿದಾಗ ಒಳಗಿನದು ಕಂಡಿತು, ಅಷ್ಟೇ. ಆ ಪಠ್ಯವನ್ನು ಜಾಲದಲ್ಲಿ ಉಚಿತವಾಗಿ ಸಿಗುವ ಯುನಿಕೋಡ್ ಪರಿವರ್ತಕಕ್ಕೆ ಹಾಕಿದರೆ ಓದಬಹುದು. ದಿನವೂ ಮಾಡುವ ಕೆಲಸವಲ್ಲ. ಅಂಥ ತಾಣವನ್ನು ಬುಕ್‌ಮಾರ್ಕ್‌ನಲ್ಲೇ ಇಟ್ಟುಕೊಳ್ಳುವುದು ವಾಸಿ.

ಇದರಂತೆಯೇ ಕಾಣುವ ಇನ್ನೊಂದು ದೋಷವಿದೆ. ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷ್ ‘ಎ’, ಅದರ ಪಕ್ಕ ಪುಟ್ಟ 2 ಅಥವಾ 3, ಇದೇ ಜೋಡಿ ಸಾಲುಸಾಲಾಗಿ ಬರುತ್ತಿದ್ದರೆ ಬರಹ ಯುನಿಕೋಡ್‌ನಲ್ಲೇ ಇದೆ ಎಂದರ್ಥ. ಯುನಿಕೋಡ್ ಪಠ್ಯವನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ಮೊದಲನೆಯ ಬೈಟ್ ಸದಾ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅವನ್ನು ಬಿಡಿಬಿಡಿಯಾಗಿ ಓದಿದಾಗ ಈ ಜೋಡಿ ಹುಟ್ಟುತ್ತದೆ. ಫೀಡ್ ತನ್ನ ಸಂಕೇತಪದ್ಧತಿ ಯಾವುದೆಂದು ತಪ್ಪಾಗಿ ಹೇಳಿಕೊಂಡಿದೆ. ತಾಣ ನಡೆಸುವವರಿಗೆ ತಿಳಿಸಿ, ಐದು ನಿಮಿಷದ ಕೆಲಸ.

ಪ್ರಶ್ನೆ: ನನ್ನ ವರ್ಡ್‌ಪ್ರೆಸ್ ಬ್ಲಾಗ್ ರೀಡರ್‌ನಲ್ಲಿ ನಾಲ್ಕು ಸಾಲು ಮಾತ್ರ ಕಾಣುತ್ತದೆ ಎಂದು ಓದುಗರ ದೂರು. ಕಳೆದ ವಾರದಿಂದ ಅದೂ ಬರುತ್ತಿಲ್ಲವಂತೆ.
— ಬ್ಲಾಗ್ ಬರಹಗಾರ್ತಿ, ಮೈಸೂರು

ಉತ್ತರ: ಮೊದಲನೆಯದು ಸುಲಭ. ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ತೆರೆದು, ಫೀಡ್‌ನಲ್ಲಿ ಏನಿರಬೇಕು ಎಂಬಲ್ಲಿ ‘ಎಕ್ಸರ್ಪ್ಟ್’ ಬದಲು ‘ಫುಲ್ ಟೆಕ್ಸ್ಟ್’ ಆರಿಸಿ. (ಬ್ಲಾಗರ್‌ನವರಿಗೆ: ಸೆಟ್ಟಿಂಗ್ಸ್‌ನ ‘ಸೈಟ್ ಫೀಡ್’ ಭಾಗದಲ್ಲಿ ‘ಫುಲ್’.) ತುಣುಕು ಕೊಟ್ಟರೆ ಜನ ತಾಣಕ್ಕೆ ಬಂದೇ ಬರುತ್ತಾರೆಂಬ ಲೆಕ್ಕಾಚಾರ ಕೆಲವರದು. ಬಸ್ಸಿನಲ್ಲಿ ಕೂತು ರೀಡರ್ ತೆರೆದವರು ಅರ್ಧ ಬರಹ ಕಂಡರೆ ಮುಂದಿನದಕ್ಕೆ ಹೋಗುವುದೇ ಹೆಚ್ಚು.

ವಾರದಿಂದ ನಿಂತಿದೆ ಎಂದರೆ ಫೀಡ್ ಮುರಿದಿರಬೇಕು. ವೆಬ್ ಪುಟದಲ್ಲಿ ಸಣ್ಣ ತಪ್ಪಿದ್ದರೆ ಬ್ರೌಸರ್ ಹೊಂದಿಸಿಕೊಂಡು ತೋರಿಸುತ್ತದೆ. ಫೀಡ್ ಬರೆಯುವ ಭಾಷೆಯಾದ ಎಕ್ಸ್‌ಎಮ್‌ಎಲ್‌ಗೆ ಆ ಔದಾರ್ಯವಿಲ್ಲ, ಒಂದು ತಪ್ಪಿದ್ದರೂ ಇಡೀ ಕಡತ ತಿರಸ್ಕೃತ. ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ, ಫೀಡ್ ಪರೀಕ್ಷಿಸುವ ‘ಫೀಡ್ ವ್ಯಾಲಿಡೇಟರ್’ಗೆ ನಿಮ್ಮ ಫೀಡ್ ವಿಳಾಸ ಕೊಟ್ಟರೆ ಎಷ್ಟನೇ ಸಾಲಿನಲ್ಲಿ ತಪ್ಪಿದೆ ಎಂದು ತೋರಿಸುತ್ತದೆ. ದೋಷ ಮೊದಲ ಸಾಲುಗಳಲ್ಲೇ ಇದ್ದರೆ ನಿಮ್ಮ ಥೀಮ್‌ನ ‘ಫಂಕ್ಷನ್ಸ್’ ಕಡತವನ್ನೋ ಈಚೆಗೆ ಹಾಕಿದ ಪ್ಲಗಿನ್ನನ್ನೋ ಅನುಮಾನಿಸಿ. ಅವುಗಳ ಆರಂಭದಲ್ಲಿ ಅಥವಾ ಕೊನೆಯಲ್ಲಿ ಉಳಿದ ಒಂದು ಖಾಲಿ ಸಾಲು ಫೀಡ್‌ನ ತಲೆಯ ಮೇಲೆ ಕೂತರೆ ಸಾಕು. ವಾರದ ಹಿಂದೆ ಹಾಕಿದ ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ, ಪ್ರತಿ ಸಲವೂ ವ್ಯಾಲಿಡೇಟರ್ ಓಡಿಸಿ. ದೋಷ ನಡುವೆ ಎಲ್ಲೋ ಇದ್ದರೆ ಬೇರೆಡೆಯಿಂದ ನಕಲು ಮಾಡಿ ಅಂಟಿಸಿದ ಪಠ್ಯದ ಜೊತೆ ಬಂದ, ಕಣ್ಣಿಗೆ ಕಾಣದ ನಿಯಂತ್ರಣ ಸಂಕೇತ ಇರಬಹುದು. ಆ ಪ್ಯಾರಾ ಅಳಿಸಿ ಕೈಯಾರೆ ಟೈಪ್ ಮಾಡಿ.

ಪ್ರಶ್ನೆ: ಎರಡೇ ವಾರದಲ್ಲಿ ಓದದೆ ಉಳಿದದ್ದು 1,400 ದಾಟಿದೆ. ರೀಡರ್ ತೆರೆಯಲೇ ಬೇಸರ.
— ಲೆಕ್ಕಪರಿಶೋಧಕರು, ದುಬೈ

ಉತ್ತರ: ದಿನಪತ್ರಿಕೆಗಳ ಫೀಡ್ ಸೇರಿಸಿರಬೇಕು. ತೆಗೆದುಹಾಕಿ. ದಿನಕ್ಕೆ ನೂರು ಸುದ್ದಿ ಹಾಕುವ ತಾಣಕ್ಕೆ ಫೀಡ್ ಬೇಕಿಲ್ಲ, ಯಾವಾಗ ಹೋದರೂ ಅಲ್ಲಿ ಹೊಸದು ಇದ್ದೇ ಇರುತ್ತದೆ. ಎರಡು ತಿಂಗಳಿಗೊಮ್ಮೆ ಬರೆಯುವವರನ್ನು ನೀವು ಮರೆತೇಬಿಡುತ್ತೀರಿ. ಫೀಡ್‌ನ ನಿಜವಾದ ಉಪಯೋಗ ಅಂಥವರಿಗೆ. ಊರಿನ ಸುದ್ದಿ ಬಿಡಲಾಗದಿದ್ದರೆ ಪತ್ರಿಕೆಯ ಪೂರ್ತಿ ಫೀಡ್ ಬದಲು ಜಿಲ್ಲಾ ವಿಭಾಗದ ಫೀಡ್ ಇದೆಯೇ ನೋಡಿ, ಇದ್ದರೆ ಅದನ್ನು ಬೇರೆ ಫೋಲ್ಡರ್‌ನಲ್ಲಿಡಿ. ಉಳಿದ 1,400ಕ್ಕೆ ‘ಮಾರ್ಕ್ ಆಲ್ ಆ್ಯಸ್ ರೆಡ್’ ಒತ್ತಿ. ಯಾರೂ ಕೇಳುವುದಿಲ್ಲ.

ಪ್ರಶ್ನೆ: ಗೂಗಲ್ ರೀಡರ್ ನೆಚ್ಚಿಕೊಂಡಿದ್ದೆ, ಮುಚ್ಚಿಬಿಟ್ಟರು. ಈಗಿನ ರೀಡರ್ ಕೂಡ ಮುಚ್ಚಿದರೆ? ಆಗ ಇಳಿಸಿಕೊಂಡ ಪಟ್ಟಿಯ ಕಡತ ಇನ್ನೂ ಇದೆ, ಉಪಯೋಗವಿದೆಯೇ?
— ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಗೂಗಲ್ ರೀಡರ್ ನಿಂತದ್ದು 2013ರ ಜುಲೈ 1ರಂದು. ಪಟ್ಟಿಯನ್ನು ‘ಓಪಿಎಮ್‌ಎಲ್’ ಕಡತವಾಗಿ ಇಳಿಸಿಕೊಂಡವರು ಅಂದು ಸಂಜೆಯೇ ಬೇರೆಡೆ ಓದಬಹುದಿತ್ತು. ನಿಮ್ಮ ಕಡತ ಈಗಲೂ ನಡೆಯುತ್ತದೆ. ಒಂದೇ ತಿದ್ದುಪಡಿ: ಆ ಕಾಲದಲ್ಲಿ ಭಾರತದಿಂದ ಬ್ಲಾಗ್‌ಸ್ಪಾಟ್ ತೆರೆದರೆ ವಿಳಾಸದ ಕೊನೆ ‘ಡಾಟ್ ಇನ್’ ಆಗುತ್ತಿತ್ತು. 2020ರಲ್ಲಿ ಆ ಡೊಮೇನ್ ಗೂಗಲ್‌ನ ಕೈತಪ್ಪಿತು. ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ‘ಬ್ಲಾಗ್‌ಸ್ಪಾಟ್ ಡಾಟ್ ಇನ್’ ಇರುವಲ್ಲೆಲ್ಲ ‘ಬ್ಲಾಗ್‌ಸ್ಪಾಟ್ ಡಾಟ್ ಕಾಮ್’ ಮಾಡಿ, ಉಳಿಸಿ, ಹೊಸ ರೀಡರ್‌ನ ‘ಇಂಪೋರ್ಟ್’ನಲ್ಲಿ ಕೊಡಿ. ನಿಂತುಹೋದ ಬ್ಲಾಗುಗಳು ಹಲವಿರುತ್ತವೆ, ಹಾಗೇ ಬಿಟ್ಟರೂ ತೊಂದರೆಯಿಲ್ಲ. ಎಷ್ಟೋ ವರ್ಷ ಸುಮ್ಮನಿದ್ದವರು ಮತ್ತೆ ಬರೆಯುವುದೂ ಉಂಟು.

ಮೂರು ತಿಂಗಳಿಗೊಮ್ಮೆ ‘ಎಕ್ಸ್‌ಪೋರ್ಟ್’ ಒತ್ತಿ ಹೊಸ ಕಡತ ಇಳಿಸಿಡಿ. ಇದರಲ್ಲಿ ಫೀಡ್‌ಗಳ ವಿಳಾಸ, ಫೋಲ್ಡರ್ ಮಾತ್ರ ಇರುತ್ತವೆ. ನಕ್ಷತ್ರ ಹಾಕಿ ಎತ್ತಿಟ್ಟ ಬರಹಗಳು ಬರುವುದಿಲ್ಲ, ಅವನ್ನು ಬೇರೆಯಾಗಿ ಉಳಿಸಿಕೊಳ್ಳಬೇಕು.

ಕಂಪನಿಯ ಹಂಗೇ ಬೇಡವೆಂದರೆ ಸಾಧನದಲ್ಲೇ ಕೆಲಸ ಮಾಡುವ ರೀಡರ್‌ಗಳಿವೆ: ಕಂಪ್ಯೂಟರ್‌ಗೆ ಥಂಡರ್‌ಬರ್ಡ್, ಆಂಡ್ರಾಯ್ಡ್‌ಗೆ ಫೀಡರ್, ಐಫೋನ್‌ಗೆ ನೆಟ್‌ನ್ಯೂಸ್‌ವೈರ್. ಮೂರೂ ಉಚಿತ. ಒಂದು ಎಚ್ಚರ ಬೇಕು. ಆನ್‌ಲೈನ್ ರೀಡರ್ ನೀವು ನೋಡದಿದ್ದರೂ ಬರಹಗಳನ್ನು ಕೂಡಿಡುತ್ತದೆ, ಇವು ತಾವು ಓಡುವಾಗ ಮಾತ್ರ ತರುತ್ತವೆ. ವರ್ಡ್‌ಪ್ರೆಸ್ ಫೀಡ್‌ನಲ್ಲಿ ಸಾಮಾನ್ಯವಾಗಿ ಇರುವುದು ಕೊನೆಯ 10 ಬರಹ. ಕೊಯ್ಲಿನ ಗಡಿಬಿಡಿಯಲ್ಲಿ ಒಂದು ತಿಂಗಳು ಕಂಪ್ಯೂಟರ್ ಮುಟ್ಟದೆ, ಅಷ್ಟರಲ್ಲಿ ಅವರು 14 ಬರೆದಿದ್ದರೆ, ಮೊದಲ ನಾಲ್ಕು ನಿಮ್ಮ ರೀಡರ್‌ಗೆ ಬರುವುದೇ ಇಲ್ಲ.

ಪ್ರಶ್ನೆ: ವಾಟ್ಸ್‌ಆ್ಯಪ್ ಗುಂಪಿನ ಬರಹಗಳನ್ನು ಫೀಡ್ ಮಾಡಿಕೊಳ್ಳಬಹುದೇ?
— ಓದುಗರು, ಗದಗ

ಉತ್ತರ: ಇಲ್ಲ. ಅಲ್ಲಿ ಚೆನ್ನಾಗಿ ಬರೆಯುವವರಿದ್ದರೆ ಒಂದು ಬ್ಲಾಗ್ ತೆರೆಯಲು ಹೇಳಿ.