ಕ್ಯಾನ್ಸರ್ ವಾರ್ಡಿನ ಮಕ್ಕಳಿಗೇ ಅಪರೂಪದ ಯೀಸ್ಟ್ ಸೋಂಕು ಒಟ್ಟೊಟ್ಟಿಗೆ ಯಾಕೆ ಬರುತ್ತದೆ?

ಕೀಮೋ (ಕ್ಯಾನ್ಸರಿಗೆ ಕೊಡುವ ಔಷಧಿ) ಆ ಮಕ್ಕಳ ಕಾವಲು ಕೆಡವಿರುತ್ತದೆ, ಎದೆಗೆ ಹಾಕಿದ ಟ್ಯೂಬು ರಕ್ತಕ್ಕೆ ನೇರ ದಾರಿ ಕೊಡುತ್ತದೆ. ಅದಕ್ಕೇ.

ಯೀಸ್ಟ್ ಅನ್ನೋ ಸೂಕ್ಷ್ಮ ಶಿಲೀಂಧ್ರ ಎಲ್ಲೆಲ್ಲೂ ಇದೆ, ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಮಾವಿನ ಸಿಪ್ಪೆಯ ಮೇಲೂ. ನಮಗೇನೂ ಆಗುವುದಿಲ್ಲ, ಬಿಳಿ ರಕ್ತಕಣಗಳು ನುಂಗಿಬಿಡುತ್ತವೆ. ಕೀಮೋ ಆದ ಮೇಲೆ ಆ ಕಣಗಳೇ ತೀರಾ ಕಡಿಮೆ, ಅಲ್ವಾ? ಆಗ ಯೀಸ್ಟ್ ಟ್ಯೂಬಿನ ಒಳಗೋಡೆಗೆ ಅಂಟಿ ಕೂರುತ್ತದೆ, ತೊಳೆಯದ ನೀರಿನ ಕೊಡದೊಳಗಿನ ಲೋಳೆಯ ಹಾಗೆ. ಔಷಧಿ ಆ ಲೋಳೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಸಾಮಾನ್ಯವಾಗಿ ಟ್ಯೂಬನ್ನೇ ತೆಗೆಯಬೇಕಾಗುತ್ತದೆ.

ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಜಾಸ್ತಿ ಕೈಗಳಿಂದ. 1996–98ರಲ್ಲಿ ಚಂಡೀಗಢದ ಆಸ್ಪತ್ರೆಯೊಂದರ ಮಕ್ಕಳ ವಾರ್ಡುಗಳಲ್ಲಿ (ಅಲ್ಲಿದ್ದವರು ಬರೀ ಕ್ಯಾನ್ಸರ್ ಮಕ್ಕಳಲ್ಲ) ಇಂಥ ಯೀಸ್ಟ್ ಹಬ್ಬಿದಾಗ ಸಿಬ್ಬಂದಿಯ ಕೈಯಲ್ಲೂ ಅದೇ ಸಿಕ್ಕಿತ್ತು.