ಹುದ್ದೆಯ ಹೆಸರಲ್ಲ, ಲಾಗಿನ್ ಕೇಳು

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮದು ಬದಿಯಡ್ಕ ಹತ್ತಿರ. ನನಗೆ 26 ವರ್ಷ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಮೂರು ವರ್ಷದಿಂದ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸ ಮಾಡುತ್ತಿದ್ದೇನೆ. ಪ್ರಿಂಟರ್ ಸರಿ ಮಾಡುವುದು, ಪಾಸ್‌ವರ್ಡ್ ರೀಸೆಟ್ ಮಾಡುವುದು, ಹೊಸ ಕಂಪ್ಯೂಟರ್ ಕೂರಿಸುವುದು. ಸಂಬಳ 17,500. ಸೈಬರ್ ಸೆಕ್ಯುರಿಟಿಗೆ ಹೋಗುವ ಆಸೆ. ಈಗ ನಾಲ್ಕು ದಾರಿ ಇವೆ. ಕೊಚ್ಚಿಯಲ್ಲಿ ಸಾಕ್ ಅನಲಿಸ್ಟ್ ಲೆವೆಲ್ 1, ಸಂಬಳ 26,000, ಮೂರು ಶಿಫ್ಟ್. ಮಂಗಳೂರಿನಲ್ಲೇ ಒಂದು ಸಣ್ಣ ಇಂಟರ್‌ನೆಟ್ ಕಂಪೆನಿಯಲ್ಲಿ ನೆಟ್‌ವರ್ಕ್ ಎಂಜಿನಿಯರ್, 20,000, ಅರ್ಧ ದಿನ ಫೀಲ್ಡ್. ದುಬೈಯಲ್ಲಿ ಸೂಪರ್‌ಮಾರ್ಕೆಟಿನ ಐಟಿ ಕೆಲಸ, ಮೊದಲು ವಿಸಿಟ್ ವೀಸಾದಲ್ಲಿ ಬಾ ಎನ್ನುತ್ತಾರೆ ಮಾವ. ಕೊನೆಯದು ಬೆಂಗಳೂರಿನಲ್ಲಿ ಆರು ತಿಂಗಳ ಎಥಿಕಲ್ ಹ್ಯಾಕಿಂಗ್ ಕೋರ್ಸ್, ಒಂದೂಕಾಲು ಲಕ್ಷ, 'ನೂರಕ್ಕೆ ನೂರು ಪ್ಲೇಸ್‌ಮೆಂಟ್'. ಅಪ್ಪ ಇಲ್ಲ. ಅಮ್ಮ ಒಬ್ಬರೇ, ಒಂದು ಎಕರೆ ಅಡಿಕೆ ತೋಟ ಇದೆ. ಯಾವುದನ್ನು ಹಿಡಿಯಲಿ?

ಉತ್ತರ: ತಮ್ಮಾ, ನಾನು ಮುಳ್ಳೇರಿಯ ಕಡೆಯವನು. 2001ರಲ್ಲಿ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಇಂಟರ್‌ನೆಟ್ ಕೆಫೆಯಲ್ಲಿ ಕೆಲಸ ಶುರು ಮಾಡಿದೆ. ಆರು ಕಂಪ್ಯೂಟರಿಗೆ ಒಂದು ಡಯಲ್-ಅಪ್ ಮೋಡೆಮ್. ಒಬ್ಬರು ಫೋಟೊ ಇರುವ ಪುಟ ತೆರೆದರೆ ಉಳಿದ ಐದು ಜನ ನನ್ನ ಮುಖ ನೋಡುತ್ತಿದ್ದರು. ಆಮೇಲೆ ಊರೂರು ಕೇಬಲ್ ಎಳೆದೆ. ಬೆಂಗಳೂರಿಗೆ ಹೋಗಿ ನಾಕ್‌ನಲ್ಲಿ, ಅಂದರೆ ನೆಟ್‌ವರ್ಕ್ ಕಾಯುವ ಕೋಣೆಯಲ್ಲಿ, ರಾತ್ರಿ ಪಾಳಿ ಮಾಡಿದೆ. ಈಗ ಹದಿನಾಲ್ಕು ವರ್ಷದಿಂದ ಫೈರ್‌ವಾಲ್ ಕೆಲಸ, ಅಂದರೆ ನೆಟ್‌ವರ್ಕಿನ ಬಾಗಿಲಲ್ಲಿ ಯಾವುದನ್ನು ಒಳಗೆ ಬಿಡಬೇಕು ಎಂದು ನೋಡುವುದು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮಂಗಳೂರಿನ ಇಂಟರ್‌ನೆಟ್ ಕಂಪೆನಿಗೆ ಸೇರು. ಆದರೆ ಅದಕ್ಕೊಂದು ಷರತ್ತಿದೆ, ಆಮೇಲೆ ಹೇಳುತ್ತೇನೆ.

ಕೋರ್ಸ್ ಬೇಡ. ಒಂದೂಕಾಲು ಲಕ್ಷ ನಿನಗೆ ಏಳು ತಿಂಗಳ ಸಂಬಳ. ಪ್ಲೇಸ್‌ಮೆಂಟ್ ಎಂದರೆ ಯಾವ ಕೆಲಸ, ಎಷ್ಟು ಸಂಬಳ ಎಂದು ಬರೆದು ಕೊಡಿ ಅಂತ ಕೇಳಿ ನೋಡು, ಮಾತು ಬದಲಾಗುತ್ತದೆ. ಎಲ್ಲೇ ಆಗಲಿ, ಬಾಂಡ್ ಅಂತ ಹೇಳಿ ಎಸ್‌ಎಸ್‌ಎಲ್‌ಸಿ ಬುಕ್ಕಿನ ಒರಿಜಿನಲ್ ಕೇಳಿದರೆ ಎದ್ದು ಬಾ. ದುಬೈ ವಿಷಯಕ್ಕೆ, ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಅಲ್ಲಿನ ಕಾನೂನಿಗೆ ವಿರುದ್ಧ. ಕೆಲಸದ ವೀಸಾ, ಕೈಯಲ್ಲಿ ಕರಾರು ಪತ್ರ, ಎರಡೂ ಬಂದ ಮೇಲೆ ಮಾವನ ಹತ್ತಿರ ಮಾತಾಡು. ಅಲ್ಲಿ ಸಿಗುವುದೂ ಬಿಲ್ಲಿಂಗ್ ಕೌಂಟರಿನ ಪ್ರಿಂಟರೇ. ಅದನ್ನು ಮಂಗಳೂರಿನಲ್ಲಿ ಮೂರು ವರ್ಷ ಮಾಡಿದ್ದೀಯಲ್ಲ.

ಕೊಚ್ಚಿಯ ಕೆಲಸವನ್ನು ಹೀಗೆ ತಳ್ಳಿಹಾಕಲು ಆಗುವುದಿಲ್ಲ. ಗೊತ್ತಿಲ್ಲದ ಓದುಗರಿಗೆ ಹೇಳುತ್ತೇನೆ, ಸಾಕ್ ಅಂದರೆ ಸೆಕ್ಯುರಿಟಿ ಆಪರೇಷನ್ಸ್ ಸೆಂಟರ್. ಹಗಲು ರಾತ್ರಿ ಪರದೆ ನೋಡುತ್ತಾ, ಬಂದ ಎಚ್ಚರಿಕೆ ನಿಜವೋ ಸುಳ್ಳೋ ಎಂದು ವಿಂಗಡಿಸುವ ಜಾಗ. ಎರಡು ವರ್ಷ ಅಲ್ಲಿ ಕೂತವರಲ್ಲಿ ಕೆಲವರು ಸಾಕು ಸಾಕು ಅನ್ನುವುದೂ ಉಂಟು. ಕೆಲಸವೇನೋ ಇದೆ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರಕಾರದ ಸಂಸ್ಥೆ ಸರ್ಟ್-ಇನ್. ಅದರ 2022ರ ಏಪ್ರಿಲ್ 28ರ ಆದೇಶದ ಪ್ರಕಾರ, ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಅದನ್ನು ವರದಿ ಮಾಡಬೇಕು, 180 ದಿನದ ಲಾಗ್, ಅಂದರೆ ಕಂಪ್ಯೂಟರುಗಳು ತಾವೇ ಬರೆದಿಡುವ ದಾಖಲೆ, ಇಟ್ಟುಕೊಂಡಿರಬೇಕು. ಆ ಲಾಗ್ ಓದಲು ಜನ ಬೇಕಲ್ವಾ?

ಆದರೆ ಲೆವೆಲ್ 1ರಲ್ಲಿ ನಿಜವಾಗಿ ಏನು ಮಾಡುತ್ತೀ ನೋಡು. ಒಂದು ಎಚ್ಚರಿಕೆ ಬರುತ್ತದೆ: ವಿಂಡೋಸ್ ಈವೆಂಟ್ 4625, ಅಂದರೆ ಲಾಗಿನ್ ವಿಫಲ, ಹತ್ತು ನಿಮಿಷದಲ್ಲಿ ಇನ್ನೂರು ಸಲ. ಹೊಸಬ ಗಾಬರಿಯಾಗುತ್ತಾನೆ. ನೀನು ಆಗುವುದಿಲ್ಲ. ಯಾರೋ ಸೋಮವಾರ ಪಾಸ್‌ವರ್ಡ್ ಬದಲಿಸಿದ್ದಾರೆ, ಅವರ ಫೋನು ಇನ್ನೂ ಹಳೆಯದನ್ನೇ ಹಿಡಿದುಕೊಂಡು ಬಾಗಿಲು ಬಡಿಯುತ್ತಿದೆ. ನಿನಗಿದು ಗೊತ್ತು, ಏಕೆಂದರೆ ಇಂಥ ರೀಸೆಟ್ ನೂರು ಮಾಡಿದ್ದೀ. ಡೆಸ್ಕ್‌ಟಾಪ್ ಸಪೋರ್ಟ್ ಅಂದರೆ ಕೀಳು ಕೆಲಸ ಅನ್ನುವವರ ಮಾತು ಕೇಳಬೇಡ.

ಇನ್ನೊಂದು ಎಚ್ಚರಿಕೆ ಬರುತ್ತದೆ. ಅಕೌಂಟ್ಸ್ ವಿಭಾಗದ ಒಂದು ಕಂಪ್ಯೂಟರು ನಿಮಿಷಕ್ಕೊಮ್ಮೆ ತಪ್ಪದೆ, ಉದ್ದುದ್ದದ ಅರ್ಥವಿಲ್ಲದ ಹೆಸರುಗಳನ್ನು ಡಿಎನ್‌ಎಸ್ ಹತ್ತಿರ, ಅಂದರೆ ವೆಬ್ ಹೆಸರಿಗೆ ವಿಳಾಸ ಹುಡುಕಿ ಕೊಡುವ ಸರ್ವರಿನ ಹತ್ತಿರ, ಕೇಳುತ್ತಿದೆ. ಇದು ಕಳ್ಳನೋ, ಆಂಟಿವೈರಸ್ಸೋ? ಎರಡೂ ಆಗಬಹುದು. ಇಲ್ಲಿ ನಿನಗೆ ಗೊತ್ತಾಗುವುದಿಲ್ಲ. ಸರಿಯಾಗಿರುವ ನೆಟ್‌ವರ್ಕ್ ಹೇಗೆ ಉಸಿರಾಡುತ್ತದೆ ಎಂದು ನೀನಿನ್ನೂ ನೋಡಿಲ್ಲ. ಪ್ಲೇಬುಕ್, ಅಂದರೆ ಹೀಗಾದರೆ ಹೀಗೆ ಮಾಡು ಎಂಬ ಪಟ್ಟಿ, ನೋಡಿ ಲೆವೆಲ್ 2ಕ್ಕೆ ದಾಟಿಸುತ್ತೀ. ಅವರು ಏನು ಮಾಡಿದರು ಅಂತ ನಿನಗೆ ಹೇಳುವವರಿಲ್ಲ. ಹೀಗೇ ದಿನಕ್ಕೆ ನಲವತ್ತು, ಐವತ್ತು ಟಿಕೆಟ್ ದಾಟಿಸಿ ಮನೆಗೆ ಹೋಗುವವರನ್ನು ಬೆಂಗಳೂರಿನಲ್ಲಿ ಕಂಡಿದ್ದೇನೆ. ಬುದ್ಧಿವಂತ ಹುಡುಗರೇ. (ರಾತ್ರಿ ಪಾಳಿಯ ಬಗ್ಗೆಯೂ ಒಂದು ಮಾತು. ಬೆಳಗಿನವರೆಗೆ ಯಕ್ಷಗಾನ ಆಟ ನೋಡಿದ ಅಭ್ಯಾಸ ಇದೆಯಲ್ಲ, ಇದೇನು ಮಹಾ ಅಂದುಕೊಂಡಿದ್ದೆ. ಆಟದಲ್ಲಿ ಚೆಂಡೆ ಇರುತ್ತದೆ, ಇಲ್ಲಿ ಏಸಿ ಸದ್ದು ಮಾತ್ರ.)

ಸಣ್ಣ ಇಂಟರ್‌ನೆಟ್ ಕಂಪೆನಿಯಲ್ಲಿ ಹಾಗಲ್ಲ. ಅಲ್ಲಿ ಜನ ಕಡಿಮೆ, ಎಲ್ಲರೂ ಎಲ್ಲವನ್ನೂ ಮುಟ್ಟುತ್ತಾರೆ. ಬೆಳಿಗ್ಗೆ ಒಂದು ಮನೆಯಲ್ಲಿ ಲೈನ್ ಒದ್ದಾಡುತ್ತಿರುತ್ತದೆ. ಪವರ್ ಮೀಟರ್ ಹಿಡಿದರೆ ಮೈನಸ್ 20 ಡಿಬಿಎಂ ಇರಬೇಕಾದ ಕಡೆ ಮೈನಸ್ 29, ಅಂದರೆ ಬರುವ ಬೆಳಕು ತೀರಾ ಕಡಿಮೆ. ತೆಂಗಿನ ಗರಿ ಬಿದ್ದು ಫೈಬರ್ ಮಡಚಿರುತ್ತದೆ. ಮಧ್ಯಾಹ್ನ ಇನ್ನೊಬ್ಬರ ಕಂಪ್ಯೂಟರಿಗೆ 169.254ರಿಂದ ಶುರುವಾಗುವ ವಿಳಾಸ ಬಂದಿರುತ್ತದೆ. ಅಂದರೆ ವಿಳಾಸ ಹಂಚುವ ಡಿಎಚ್‌ಸಿಪಿ ಉತ್ತರ ಕೊಟ್ಟಿಲ್ಲ. ಯಾಕೆ ಕೊಟ್ಟಿಲ್ಲ ಅಂತ ವೈರ್‌ಶಾರ್ಕ್, ಅಂದರೆ ಲೈನಿನಲ್ಲಿ ಓಡಾಡುವುದನ್ನು ತೋರಿಸುವ ಸಾಫ್ಟ್‌ವೇರ್, ಹಚ್ಚಿ ನೋಡಿದರೆ, ಸ್ವಿಚ್ಚಿನಲ್ಲಿ ವಿಲ್ಯಾನ್ (ಒಂದೇ ನೆಟ್‌ವರ್ಕಿನೊಳಗೆ ಮಾಡಿದ ಬೇರೆ ಬೇರೆ ಕೋಣೆ ಅನ್ನು) ತಪ್ಪಿದೆ. ಸಂಜೆ ಪೊಲೀಸರಿಂದ ಒಂದು ಪತ್ರ ಬರುತ್ತದೆ: ಇಂಥ ದಿನ ಈ ಐಪಿ ವಿಳಾಸ ಯಾರ ಹತ್ತಿರ ಇತ್ತು? ಈಗ ಎಷ್ಟೋ ಕಡೆ ಸಿಜಿನ್ಯಾಟ್ ಇದೆ, ಹತ್ತಾರು ಮನೆಗೆ ಒಂದೇ ಹೊರವಿಳಾಸ. ಸರಿಯಾದ ಹೊತ್ತು ಮತ್ತು ಪೋರ್ಟ್ ಸಂಖ್ಯೆ ಇಲ್ಲದೆ ಹೆಸರು ಹೇಳಿದರೆ ತಪ್ಪು ಮನೆಗೆ ಪೊಲೀಸ್ ಹೋಗುತ್ತಾರೆ. ಇದೂ ಸೆಕ್ಯುರಿಟಿ ಕೆಲಸವೇ, ಹೆಸರು ಮಾತ್ರ ಬೇರೆ.

ಈಗ ಷರತ್ತು. ಇಂಟರ್‌ವ್ಯೂನಲ್ಲಿ ಹುದ್ದೆಯ ಹೆಸರು ಕೇಳಬೇಡ. 'ಸರ್, ಯಾವ ಯಾವ ಸಾಧನಕ್ಕೆ ನನಗೆ ಲಾಗಿನ್ ಸಿಗುತ್ತದೆ? ಬರೀ ನೋಡುವುದಕ್ಕೋ, ಬದಲಿಸುವುದಕ್ಕೋ? ಎಷ್ಟು ತಿಂಗಳ ಮೇಲೆ?' ಅಂತ ಕೇಳು. ಪಕ್ಕದಲ್ಲಿ ಕೂರುವವರು ಯಾರು, ಅವರಿಗೆ ಎಷ್ಟು ವರ್ಷದ ಅನುಭವ ಅಂತಲೂ ಕೇಳು. ಆರು ತಿಂಗಳಲ್ಲಿ ರೂಟರ್, ಸ್ವಿಚ್, ಒಎಲ್‌ಟಿ (ಮನೆಮನೆಯ ಫೈಬರ್ ಬಂದು ಸೇರುವ ಪೆಟ್ಟಿಗೆ) ಕೈಗೆ ಕೊಡುತ್ತೇವೆ ಅಂದರೆ ಸಂಬಳ ಕಡಿಮೆ ಇದ್ದರೂ ಸೇರು. ಎರಡು ವರ್ಷ ಏಣಿ ಹತ್ತಿ ಫೈಬರ್ ಜೋಡಿಸುವುದು ಮಾತ್ರ ಅಂದರೆ ಬೇಡ, ಆಗ ಕೊಚ್ಚಿಗೇ ಹೋಗು.

ಲಾಗಿನ್ ಅಂತ ಇಷ್ಟು ಹೇಳುವುದಕ್ಕೆ ಕಾರಣ ಇದೆ. ನಾಕ್‌ನಲ್ಲಿ ಮೊದಲ ಸಲ ನನಗೆ ಬದಲಿಸುವ ಅಧಿಕಾರ ಸಿಕ್ಕಿದ ವಾರ. ಒಂದು ಟ್ರಂಕ್ ಪೋರ್ಟಿಗೆ, ಅಂದರೆ ಹಲವು ವಿಲ್ಯಾನ್ ಒಟ್ಟಿಗೆ ಹೋಗುವ ದಾರಿಗೆ, ಹೊಸದಾಗಿ ವಿಲ್ಯಾನ್ 30 ಸೇರಿಸಬೇಕಿತ್ತು. ಆದೇಶ ಟೈಪ್ ಮಾಡಿದೆ, 'ಆ್ಯಡ್' ಎಂಬ ಒಂದು ಪದ ಬಿಟ್ಟೆ. ಆ ಪದ ಇಲ್ಲದಿದ್ದರೆ ಸಿಸ್ಕೊ ಸ್ವಿಚ್ಚು 30 ಒಂದನ್ನೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಹೊರಗೆ ಹಾಕುತ್ತದೆ. ಎಂಟರ್ ಒತ್ತಿದೆ, ನನ್ನ ಪರದೆಯೂ ನಿಂತಿತು. ಆ ಕಡೆ ಮೂರು ಮಹಡಿಗೆ ನೆಟ್‌ವರ್ಕ್ ಇಲ್ಲ. ನನ್ನ ಹಿರಿಯರು ಬೈಯಲಿಲ್ಲ. ಒಬ್ಬರನ್ನು ಫೋನಿನಲ್ಲಿ ಸ್ವಿಚ್ ಹತ್ತಿರ ಓಡಿಸಿ ಸರಿ ಮಾಡಿಸಿದರು. ಆಮೇಲೆ, 'ದೂರದಿಂದ ಕೈ ಹಾಕುವ ಮೊದಲು ರೀಲೋಡ್ ಇನ್ 10 ಅಂತ ಹಾಕಿಕೊ. ನೀನು ಹೊರಗೆ ಬಿದ್ದರೆ ಹತ್ತು ನಿಮಿಷದಲ್ಲಿ ಅದೇ ಎದ್ದು ಹಳೆಯ ಸ್ಥಿತಿಗೆ ಬರುತ್ತದೆ. ಸರಿಯಾದರೆ ರದ್ದು ಮಾಡು' ಅಂದರು. ಇವತ್ತಿಗೂ ಹಾಗೇ ಮಾಡುತ್ತೇನೆ. ಒಂದೂಕಾಲು ಲಕ್ಷ ಕೊಟ್ಟರೂ ಆ ಬೆವರು ಯಾವ ಕೋರ್ಸಿನಲ್ಲೂ ಬರುವುದಿಲ್ಲ.

ಆಸ್ಪತ್ರೆ ಬಿಡುವ ಮೊದಲು ಅಲ್ಲಿನದನ್ನು ಪೂರ್ತಿ ಕಲಿತುಕೊ. ಸ್ಕ್ಯಾನಿಂಗ್ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರಿನಲ್ಲಿ ಹಳೆಯ ವಿಂಡೋಸ್ ಇರುತ್ತದೆ. ಅಪ್‌ಡೇಟ್ ಹಾಕಿದರೆ ಯಂತ್ರ ಕೈಕೊಟ್ಟೀತು ಅಂತ ಯಾರೂ ಮುಟ್ಟುವುದಿಲ್ಲ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ ಬಂದು ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳನ್ನು ಹಿಡಿದದ್ದು ಇಂಥ ಹಾಕದೆ ಬಿಟ್ಟ ಅಪ್‌ಡೇಟಿನಿಂದಲೇ. ಮೈಕ್ರೊಸಾಫ್ಟ್ ಮಾರ್ಚ್‌ನಲ್ಲೇ ಅದನ್ನು ಕೊಟ್ಟಿತ್ತು. ಮುಟ್ಟಲಾಗದ ಯಂತ್ರವನ್ನು ಬೇರೆ ವಿಲ್ಯಾನ್‌ನಲ್ಲಿ ಹಾಕಿ, ಫೈಲ್ ಹಂಚಿಕೊಳ್ಳುವ ದಾರಿಯಾದ 445ನೇ ಪೋರ್ಟ್ ಮುಚ್ಚಿ ಕಾಯಬಹುದು. ನಿಮ್ಮಲ್ಲಿ ಹೇಗಿದೆ ಅಂತ ನೆಟ್‌ವರ್ಕ್ ನೋಡಿಕೊಳ್ಳುವವರ ಹತ್ತಿರ ಚಹಾ ಹೊತ್ತಿನಲ್ಲಿ ಕೇಳು. ಕೇಳು ಅಂದೆ, ನೀನೇ ಸ್ಕ್ಯಾನ್ ಮಾಡಬೇಡ. ಅನುಮತಿ ಇಲ್ಲದೆ, ಮೋಸದ ಉದ್ದೇಶದಿಂದ ಇನ್ನೊಬ್ಬರ ಕಂಪ್ಯೂಟರಿಗೆ ಕೈ ಹಾಕಿದರೆ ಐಟಿ ಕಾಯ್ದೆಯ 66ನೇ ಸೆಕ್ಷನ್‌ನಲ್ಲಿ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ. ಕಲಿಯಲು ಮಾಡಿದೆ ಅಂದರೆ ನಂಬುವವರು ಕಡಿಮೆ.

ಪರೀಕ್ಷೆ ಬರೆಯುವುದಾದರೆ ಒಂದೇ ಸಾಕು, ಸಿಸ್ಕೊ ಕಂಪೆನಿಯ ನೆಟ್‌ವರ್ಕ್ ಪರೀಕ್ಷೆ ಸಿಸಿಎನ್‌ಎ. ಶುಲ್ಕ 300 ಡಾಲರ್, ಮೂರು ವರ್ಷ ಚಾಲ್ತಿ. ಅಭ್ಯಾಸಕ್ಕೆ ಪ್ಯಾಕೆಟ್ ಟ್ರೇಸರ್ ಎಂಬ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಡಂಪ್, ಅಂದರೆ ಸೋರಿದ ಪ್ರಶ್ನೆಗಳ ಪಟ್ಟಿ, ಕಂಠಪಾಠ ಮಾಡಿ ಪಾಸಾದವರನ್ನು ಇಂಟರ್‌ವ್ಯೂನಲ್ಲಿ ಎರಡನೇ ಪ್ರಶ್ನೆಗೇ ಹಿಡಿಯುತ್ತೇವೆ, ಹಾಗಾಗಿ ಆ ದುಡ್ಡು ದಂಡ. ಸಿಐಎಸ್‌ಎಸ್‌ಪಿ ಎಂಬ ಹಿರಿಯರ ಸೆಕ್ಯುರಿಟಿ ಸರ್ಟಿಫಿಕೇಟಿಗೆ ಐದು ವರ್ಷದ ಅನುಭವ ಬೇಕು, ಈಗ ಅದರ ಯೋಚನೆಯೇ ಬೇಡ.

ಅಮ್ಮನ ವಿಷಯ ನೀನು ಕೊನೆಗೆ ಬರೆದೆ. ನನಗೆ ಅದೇ ಮೊದಲು ಕಣ್ಣಿಗೆ ಬಿತ್ತು. ಮಳೆಗಾಲದಲ್ಲಿ ಮದ್ದು ಬಿಡುವ ಹೊತ್ತಿಗೆ ಆಳು ಹುಡುಕಲು ಕೊಚ್ಚಿಯಿಂದ ಆಗುವುದಿಲ್ಲ. ಮಂಗಳೂರಿನಿಂದ ಆದರೆ ಶನಿವಾರ ಸಂಜೆಗೆ ಮನೆ ಮುಟ್ಟುತ್ತೀ. ಒಂದೂವರೆ ವರ್ಷ ಕೆಲಸ ಕಲಿ. ಆಮೇಲೆ ಕೊಚ್ಚಿಯವರಿಗೇ ಮತ್ತೆ ಅರ್ಜಿ ಹಾಕು, ಲೆವೆಲ್ 1ಕ್ಕೆ ಅಲ್ಲ.

ಪ್ರಶ್ನೆ: ನಾನು ಕುಂಬಳೆಯವಳು. ಬಿಕಾಂ ಓದಿ ಆರು ವರ್ಷದಿಂದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಕೋಡಿಂಗ್ ನನಗೆ ಆಗದು. ಸೈಬರ್ ಸೆಕ್ಯುರಿಟಿಯಲ್ಲಿ ನನಗೆ ಜಾಗ ಉಂಟಾ ಅಣ್ಣಾ?

ಉತ್ತರ: ಉಂಟು ತಂಗೀ, ಲೆಕ್ಕಪರಿಶೋಧನೆಯ ಕಡೆ. ರಿಟೈರ್ ಆದವರ ಲಾಗಿನ್ ಇನ್ನೂ ತೆರೆದಿದೆಯೋ, ಸಾಲ ಬರೆಯುವವರೂ ಮಂಜೂರು ಮಾಡುವವರೂ ಒಂದೇ ಐಡಿಯಲ್ಲಿ ಇದ್ದಾರೋ, ಬ್ಯಾಕಪ್ಪನ್ನು ಎಂದಾದರೂ ತಿರುಗಿ ತೆರೆದು ನೋಡಿದ್ದಾರೋ. ಇದನ್ನೆಲ್ಲ ಪಟ್ಟು ಹಿಡಿದು ಕೇಳುವವರು ಬೇಕು. ಹ್ಯಾಕರ್ ಹುಡುಗರಿಗೆ ಇದು ಬೇಸರ, ವೋಚರ್ ನೋಡಿ ಪಳಗಿದವರಿಗೆ ಸಲೀಸು. ಮಾಹಿತಿ ಸುರಕ್ಷತೆಯ ಮಾನದಂಡವಾದ ಐಎಸ್‌ಒ 27001ರ 2022ರ ಆವೃತ್ತಿ ಮತ್ತು 2023ರ ಡೇಟಾ ರಕ್ಷಣೆ ಕಾಯ್ದೆ, ಇವೆರಡನ್ನು ನಿಧಾನವಾಗಿ ಓದು. ಮುಂದಿನ ಆಡಿಟ್ ಬಂದಾಗ ಕಂಪ್ಯೂಟರ್ ಭಾಗದ ಕಡತ ನಾನು ಮಾಡುತ್ತೇನೆ ಅಂತ ಮ್ಯಾನೇಜರಿಗೆ ಹೇಳು. ಕೆಲಸ ಬಿಡಬೇಕಾಗಿಲ್ಲ, ಇದ್ದಲ್ಲೇ ಶುರು ಮಾಡಬಹುದು.

ಪ್ರಶ್ನೆ: ವಯಸ್ಸು 43. ಶಾರ್ಜಾದಿಂದ ವಾಪಸ್ ಬಂದು ಉಪ್ಪಳದಲ್ಲಿ ಸಿಸಿಟಿವಿ ಹಾಕುವ ಕೆಲಸ ಮಾಡುತ್ತಿದ್ದೇನೆ. ನೆಟ್‌ವರ್ಕಿಂಗ್ ಕಲಿಯಲು ತಡವಾಯಿತಾ?

ಉತ್ತರ: ತಡವೇನೂ ಆಗಿಲ್ಲ, ನೀವು ಆಗಲೇ ಅದರ ಒಳಗೆ ಇದ್ದೀರಿ. ಇನ್ನೊಬ್ಬರ ಕಂಪೆನಿಯಲ್ಲಿ ಇಪ್ಪತ್ತೆರಡರ ಹುಡುಗರ ಜೊತೆ ಟ್ರೈನಿಯಾಗಿ ಕೂರುವುದು ಬೇಡ, ನಿಮಗೂ ಕಷ್ಟ ಅವರಿಗೂ ಕಷ್ಟ. ಈಗಿನ ಗಿರಾಕಿಗಳಿಗೇ ಒಂದು ಮೆಟ್ಟಿಲು ಜಾಸ್ತಿ ಕೆಲಸ ಮಾಡಿಕೊಡಿ. ಕ್ಯಾಮೆರಾಗಳನ್ನು ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿನಿಂದ ಬೇರೆ ವಿಲ್ಯಾನ್‌ಗೆ ಹಾಕುವುದು, ರೂಟರಿನಲ್ಲಿ ಸುಮ್ನೆ ತೆರೆದಿಟ್ಟ ಪೋರ್ಟ್ ಮುಚ್ಚುವುದು, ವರ್ಷಕ್ಕೆ ಇಷ್ಟು ಅಂತ ನೋಡಿಕೊಳ್ಳುವ ಕರಾರು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಲೋಕದ ತುಂಬ ಕ್ಯಾಮೆರಾ, ಡಿವಿಆರ್‌ಗಳನ್ನು ವಶ ಮಾಡಿಕೊಂಡಿತು. ಅದರ ಹತ್ತಿರ ಇದ್ದದ್ದು ಕಾರ್ಖಾನೆಯಿಂದ ಬಂದ ಅರುವತ್ತರಷ್ಟು ಹೆಸರು ಮತ್ತು ಪಾಸ್‌ವರ್ಡ್‌ಗಳ ಒಂದು ಪಟ್ಟಿ, ಅಷ್ಟೇ. ನೀವು ಹಾಕಿದ ಡಿವಿಆರ್‌ಗಳಲ್ಲಿ ಎಷ್ಟು ಇನ್ನೂ 'ಅಡ್ಮಿನ್, 12345' ಆಗಿಯೇ ಇವೆ? ಈ ಭಾನುವಾರ ಬೈಕ್ ತೆಗೆದು ಒಂದೊಂದೇ ಅಂಗಡಿಗೆ ಹೋಗಿ ಬದಲಿಸಿ ಬನ್ನಿ. ಹೊಸ ಪಾಸ್‌ವರ್ಡನ್ನು ಡಿವಿಆರ್ ಮೇಲೆ ಸ್ಟಿಕ್ಕರ್ ಅಂಟಿಸಿ ಬರೆದಿಡಬೇಡಿ.